ನಡೆಸದೆ ಬಿಟ್ಟ ಎತ್ತು

ಹೋದ ತಿಂಗಳು ನಮ್ಮ ಮನೆಯ ಬಾಗಿಲು, ಕಿಟಕಿಗಳಿಗೆ ಬಣ್ಣ ಹೊಡೆಸಿದೆವು. ಪೇಂಟರ್ ಹಜಾರದಲ್ಲಿ ಕೂತು ಬಣ್ಣದ ಡಬ್ಬಿಗೆ ಟರ್ಪೆಂಟೈನ್ ಸುರಿದು ಕೋಲಿನಿಂದ ಕಲಕುತ್ತಿದ್ದ. ಆ ಘಾಟು ಮೂಗಿಗೆ ಬಡಿದ ಕೂಡಲೇ ನಾನು ಪೇಪರ್ ಮಡಿಸಿಟ್ಟು ಎದ್ದು ಹೊರಗೆ ಹೋದೆ. ತಲೆ ಸುತ್ತಿತೇನೋ ಎಂದುಕೊಂಡು ಸೊಸೆ ನೀರು ತಂದುಕೊಟ್ಟಳು. ತಲೆ ಸುತ್ತಿರಲಿಲ್ಲ. ಒಂದು ಎತ್ತಿನ ಹಿಂಗಾಲಿಗೆ ತಿಕ್ಕುತ್ತಿದ್ದ ಬಿಳಿ ಎಣ್ಣೆಯೂ ಹೀಗೇ ನಾರುತ್ತಿತ್ತು. ಆ ಎತ್ತು ನನ್ನದಲ್ಲ. ಪಕ್ಕದ ತೋಟದ ಅಣ್ಣನದು...

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಕೆಂಚಾರ್ಲಹಳ್ಳಿಯ ಕಡೆ ನಮ್ಮ ಹಿಪ್ಪುನೇರಳೆ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದೇ ಬದು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅದಕ್ಕೆ ಅಣ್ಣ. ಮನೆಯಲ್ಲಿ ತೆಲುಗು, ನಮ್ಮೊಡನೆ ಕನ್ನಡ, ಎತ್ತುಗಳ ಜೊತೆ ಎರಡೂ. ಕುಳ್ಳಗಿನ ಮನುಷ್ಯ, ದೊಡ್ಡ ಗಂಟಲು. ಬದುವಿನ ಆಚೆ ಅವರು ಎತ್ತಿಗೆ ಬೈಯುತ್ತಿದ್ದರೆ ಈಚೆ ನಾವು ಸೊಪ್ಪು ಕೊಯ್ಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆವು, ಅಷ್ಟು ಚೆನ್ನಾಗಿ ಬೈಯುತ್ತಿದ್ದರು. "ಒರೇಯ್, ನಿಮ್ಮಪ್ಪನ್ ಮದ್ವೆಗ್ ಹೋಗ್ತಿದ್ಯಾ? ನೆಟ್ಟಗೆ ನಡಿಯೋ!" ಎನ್ನುವರು. ಕೋಲು ಮಾತ್ರ ಎತ್ತುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅಣ್ಣನಿಗೆ ಓದು ಬರುತ್ತಿರಲಿಲ್ಲ. ಗೊಬ್ಬರದ ಚೀಲದ ಮೇಲಿನದು, ಔಷಧಿ ಬಾಟಲಿಯ ಮೇಲಿನದು, ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. "ಓದಿದೋನು ನೀನು, ನೀನ್ ಹೇಳಿದ್ ಮೇಲೆ ಸರಿ ಬಿಡು" ಎಂದು ಅವರು ಎಷ್ಟು ಸಲ ಹೇಳಿದ್ದರೋ. ನನಗೆ ಆ ಮಾತು ಬಹಳ ಇಷ್ಟವಾಗಿತ್ತು.

ಅವರ ಬಳಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಸುತ್ತಮುತ್ತ ಎಲ್ಲರೂ ಟೆಂಪೋಗೆ ಬದಲಾಯಿಸಿಕೊಂಡಿದ್ದ ಕಾಲ ಅದು. ಅಣ್ಣ ಮಾತ್ರ ಸೊಪ್ಪು, ಗೊಬ್ಬರ ಎಲ್ಲವನ್ನೂ ಗಾಡಿಯಲ್ಲೇ ಹೊಡೆಯುತ್ತಿದ್ದರು. ಎರಡರಲ್ಲಿ ಬೂದಿ ಬಣ್ಣದ್ದು ಬೂದ. ಅದರ ಮೇಲೆ ಅವರಿಗೆ ಪ್ರಾಣ. ಒಂದು ದಿನ ಬೋರ್‌ವೆಲ್ ಹತ್ತಿರ ಬಿದ್ದಿದ್ದ ತಗಡಿನ ಚೂರು ಬೂದನ ಹಿಂಗಾಲನ್ನು ಹಿಂಬದಿಯಿಂದ ಸೀಳಿತು. ಚರ್ಮ ಮಾತ್ರವಲ್ಲ, ಒಳಗೆ ಹಗ್ಗದಂತೆ ಬಿಗಿದಿರುವ ಬಿಳಿಯ ನರವೂ ಅರ್ಧ ಕತ್ತರಿಸಿಹೋಗಿತ್ತು. ಎತ್ತು ಕಾಲನ್ನು ಮೇಲೆತ್ತಿಕೊಂಡೇ ನಿಂತಿತ್ತು.

ಪಶು ಆಸ್ಪತ್ರೆಯಿಂದ ಡಾಕ್ಟರಮ್ಮ ಬಂದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಗಾಯ ತೊಳೆದು, ಹೊಲಿಗೆ ಹಾಕಿ, ಬಿದಿರಿನ ದಬ್ಬೆ ಕಟ್ಟಿದರು. ಹೊಲಿಗೆ ಬಿಚ್ಚುವವರೆಗೂ ಎತ್ತನ್ನು ಅಲ್ಲಾಡಿಸಕೂಡದು ಎಂದರು. ಅಷ್ಟು ನಾವೂ ಬಲ್ಲೆವು. ಆಮೇಲೆ ಹೇಳಿದ್ದು ಮಾತ್ರ ನಮಗೆ ಹೊಸದು.

"ಗಾಯ ಕೂಡಿದ್ ಮೇಲೆ ಕಟ್ಟಿ ಹಾಕ್ಬೇಡಿ. ದಿನಾ ನಡೆಸ್ಬೇಕು. ಮೆತ್ತಗಿರೋ ನೆಲದ ಮೇಲೆ ಮೊದ್ಲು ಸ್ವಲ್ಪ, ಆಮೇಲಾಮೇಲೆ ಜಾಸ್ತಿ."

"ಕುಂಟೆತ್ತನ್ನ ಬೀದೀಲಿ ಓಡಾಡಿಸಿದ್ರೆ ಊರೋರು ನಂಗೆ ಕಲ್ ಹೊಡೀತಾರಲ್ಲಮ್ಮ!" ಎಂದರು ಅಣ್ಣ.

ಡಾಕ್ಟರಮ್ಮ ನಕ್ಕರು. "ಶಿಡ್ಲಘಟ್ಟದಲ್ಲಿ ಗೂಡಿಂದ ನೂಲು ತೆಗೆಯೋದು ನೋಡಿದ್ದೀರಲ್ಲ? ಎಳೆ ಸುಮ್ನೆ ನೀರಲ್ಲಿ ಬಿದ್ದಿದ್ರೆ ಏನಾಗುತ್ತೆ?"

"ಗೋಜಲಾಗುತ್ತೆ."

"ಜೋರಾಗಿ ಎಳೆದ್ರೆ?"

"ಕಿತ್ತೋಗುತ್ತೆ. ಹದವಾಗಿ ಎಳೀಬೇಕಮ್ಮ, ಆಗ ನೂಲಾಗೋದು."

"ಇದೂ ಅಷ್ಟೇ. ಕಡಿದುಹೋದ ಕಡೆ ಮೈ ತಾನೇ ಹೊಸ ಎಳೆ ಹಾಕುತ್ತೆ. ಮೊದ್ಲು ಎಲ್ಲ ಅಡ್ಡಾದಿಡ್ಡಿ ಇರುತ್ತೆ. ದಿನಾ ಹದವಾಗಿ ಎಳೆತ ಬಿದ್ರೆ ಒಂದೇ ಕಡೆಗೆ ಸಾಲಾಗಿ ಗಟ್ಟಿಯಾಗ್ತವೆ. ಕಟ್ಟಿ ಹಾಕಿದ್ರೆ ಅಕ್ಕಪಕ್ಕದ್ದಕ್ಕೆಲ್ಲ ಅಂಟ್ಕೊಂಡು ಕುಗ್ಗಿಹೋಗ್ತವೆ. ಮೇಲೆ ಗಾಯ ವಾಸಿಯಾಗಿರುತ್ತೆ, ಕಾಲು ಮಾತ್ರ ಚಾಚಕ್ಕಾಗಲ್ಲ."

ಅಣ್ಣ ನನ್ನ ಮುಖ ನೋಡಿದರು. "ಸರೀನಾ ತಮ್ಮಾ?" ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ.

ಹೊಲಿಗೆ ಬಿಚ್ಚಿದ ಮೇಲೆ ಅಣ್ಣ ಆಕೆ ಹೇಳಿದ ಹಾಗೇ ಮಾಡಿದರು. ಬೆಳಗ್ಗೆ ಕಾಲಿಗೆ ಡಾಕ್ಟರಮ್ಮ ಕೊಟ್ಟ ಬಿಳಿ ಎಣ್ಣೆ ತಿಕ್ಕಿ, ಒಣಗಿದ ಕೆರೆಯಂಗಳದಲ್ಲಿ ಬೂದನ ಹಗ್ಗ ಹಿಡಿದು ಹೆಜ್ಜೆ ಹಾಕುತ್ತಿದ್ದರು. ಕಟ್ಟೆಯ ಮೇಲೆ ಕೂತವರು ಸುಮ್ಮನಿರುತ್ತಿದ್ದರೇ? "ಏನಣ್ಣೋ, ನೀನ್ ಎತ್ತನ್ನ ನಡೆಸ್ತಿದ್ಯೋ, ಎತ್ತು ನಿನ್ನ ನಡೆಸ್ತಿದ್ಯೋ?" ಎಂದು ಕೂಗುವರು. "ನಮ್ಮಿಬ್ರನ್ನೂ ಡಾಕ್ಟರಮ್ಮ ನಡೆಸ್ತಾ ಇದಾರೆ ಕಣ್ರೋ, ನಿಮ್ಮನ್ನ ಎಬ್ಬಿಸೋರೇ ಇಲ್ಲ ನೋಡಿ!" ಎಂದು ಅಣ್ಣ ಅಲ್ಲಿಂದಲೇ ಉತ್ತರ ಕೊಡುವರು. ಗೊರಸಿನ ತುದಿಯನ್ನಷ್ಟೇ ತಾಗಿಸುತ್ತಿದ್ದ ಬೂದ ನಿಧಾನವಾಗಿ ಗೊರಸು ಊರಲು ಶುರುಮಾಡಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದ್ದರಿಂದ, ನನಗೆ ತಿಳಿದಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ಹೊತ್ತಿಗೆ ಗೌರಿಬಿದನೂರಿನ ಕಡೆಯಿಂದ ಸುದ್ದಿ ಬಂತು. ಅಲೀಪುರದ ಹತ್ತಿರದ ಹಳ್ಳಿಯಲ್ಲಿದ್ದ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅಣ್ಣ, ಅತ್ತಿಗೆ, ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಮಗಳು, ಮೂವರೂ ಹೊರಟರು. ಇನ್ನೊಂದು ಎತ್ತನ್ನು ನಂಟರ ಮನೆಗೆ ಕಳಿಸಿ, ಬೂದನನ್ನು ಮಾತ್ರ ನನ್ನ ಕೊಟ್ಟಿಗೆಗೆ ತಂದು, ಹಗ್ಗವನ್ನು ನನ್ನ ಕೈಯಲ್ಲಿಟ್ಟರು.

"ಮೇವು ಯಾರ್ ಬೇಕಾದ್ರೂ ಹಾಕ್ತಾರೆ ತಮ್ಮಾ. ನಡೆಸೋದು ನೀನೇ ಆಗ್ಬೇಕು. ಡಾಕ್ಟರಮ್ಮ ಹೇಳಿದ್ದು ನಿಂಗೊಬ್ಬನಿಗೇ ಅರ್ಥ ಆಗಿರೋದು."

"ಹೋಗ್ ಬಾ ಅಣ್ಣ, ನಾನಿದೀನಲ್ಲ" ಎಂದೆ.

ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುಗಳ ಹಸಿವು ಎಂಥದೆಂದು ಸಾಕಿದವರಿಗೇ ಗೊತ್ತು. ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ತಟ್ಟೆ ಬರಿದು. ಜೊತೆಗೆ ಹುಳುಮನೆಯ ಮಡಿ ಬೇರೆ. ಘಾಟು ವಾಸನೆ ಒಳಗೆ ಹೋಗಕೂಡದು. ಬೀಡಿ ಸೇದಿದವರಿಗೆ, ಮೈಗೆ ಅಮೃತಾಂಜನ ಹಚ್ಚಿಕೊಂಡವರಿಗೆ ಸಹ ಹೊಸ್ತಿಲಾಚೆಯೇ ಜಾಗ. ಮೊದಮೊದಲು ಬೂದನಿಗೆ ಎಣ್ಣೆ ತಿಕ್ಕಿ, ನಡೆಸಿಕೊಂಡು ಬಂದು, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಒಳಗೆ ಹೋದೆ. ಆದರೂ ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು.

"ಇನ್ನೂ ನಾರ್ತಿದೀರ. ಆ ಎತ್ತಿನ್ ಕಾಲಿಗೋಸ್ಕರ ನಮ್ ಹುಳು ಸಾಯ್ಬೇಕಾ? ಅದೇನ್ ನಮ್ದಾ?"

ಮಾರನೆಯ ದಿನ ಎಣ್ಣೆ ತಿಕ್ಕುವುದನ್ನು ಬಿಟ್ಟೆ. ಎಣ್ಣೆ ಬಿಟ್ಟ ಮೇಲೆ ನಡೆಸುವುದನ್ನು ಬಿಡುವುದು ಸುಲಭವಾಯಿತು. ಒಂದು ದಿನ ಸೊಪ್ಪು ಸಾಲದು ಎಂದು ಬಿಟ್ಟೆ, ಇನ್ನೊಂದು ದಿನ ಬಿಸಿಲೇರಿತು ಎಂದು ಬಿಟ್ಟೆ. ಮನಸ್ಸಿಗೆ ನೆಪ ಹೇಳಿಕೊಡಬೇಕಾಗಿರಲಿಲ್ಲ. ನಡೆಸಿದರೆ ಬೂದ ನೋವಿಗೆ ತಲೆ ಕೊಡವುತ್ತಿತ್ತು. ಕಟ್ಟಿದರೆ ತಣ್ಣಗೆ ನಿಂತು ಮೆಲುಕು ಹಾಕುತ್ತಿತ್ತು. ಪಾಪ, ಮೂಕ ಪ್ರಾಣಿ, ಸುಧಾರಿಸಿಕೊಳ್ಳಲಿ ಎಂದುಕೊಂಡೆ. ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿಯನ್ನೆಲ್ಲ ಅದರ ಮುಂದೆ ಸುರಿದೆ. ಎತ್ತು ಮೈತುಂಬಿಕೊಂಡು ಹೊಳೆಯಿತು. ನೋಡಿದವರೆಲ್ಲ ನನ್ನನ್ನು ಹೊಗಳಿದರು.

ಅಣ್ಣ ಆಗಾಗ ಫೋನ್ ಮಾಡುತ್ತಿದ್ದರು. ಅಕ್ಕನ ವಿಷಯ ಎರಡು ಮಾತು, ಬೂದನ ವಿಷಯ ಹತ್ತು ಮಾತು. "ನಡೆಸ್ತಿದ್ಯಾ?" ಎಂದು ಕೇಳುವರು. "ದಿನಾ ಅಣ್ಣ" ಎನ್ನುವೆ. ಮೊದಲ ಸಲ ಹೇಳಿದಾಗ ನಾಳೆಯಿಂದ ನಿಜ ಮಾಡಿಬಿಡೋಣ ಎಂದುಕೊಂಡಿದ್ದೆ...

ಹುಳು ಹಣ್ಣಾಗಿ, ಗೂಡು ಕಟ್ಟಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ನನಗೆ ಬಿಡುವಾಯಿತು. ಆಗ ಬೂದನ ಹಗ್ಗ ಬಿಚ್ಚಿದೆ. ಗಾಯ ಅಚ್ಚುಕಟ್ಟಾಗಿ ಕೂಡಿತ್ತು, ಕೂದಲು ಸಹ ಬರುತ್ತಿತ್ತು. ಆದರೆ ಗೊರಸಿನ ಮೇಲಿನ ಕೀಲು ಬಾಗಿದಂತೆಯೇ ನಿಂತುಬಿಟ್ಟಿತ್ತು. ಕೈಯಿಂದ ಒತ್ತಿ ನೋಡಿದೆ, ಚರ್ಮದ ಕೆಳಗೆ ಒಣಗಿದ ಹುರಿಯಂಥದು ಸಿಕ್ಕಿತು. ಬಿಟ್ಟ ದಿನಗಳನ್ನೆಲ್ಲ ಒಂದೇ ಸಲಕ್ಕೆ ತುಂಬಿಸಿಬಿಡುತ್ತೇನೆಂದು ಅದನ್ನು ಎಳೆದುಕೊಂಡು ಕೆರೆಯಂಗಳದ ಆ ತುದಿಯವರೆಗೂ ಹೋಗಿ ಬಂದೆ. ಸಂಜೆಗೆ ಕಾಲು ಬಾತುಕೊಂಡಿತು. ಮತ್ತೆ ಕಟ್ಟಿದೆ.

ಅಕ್ಕ ತೀರಿಕೊಂಡ ಮೇಲೆ, ಅವರ ಕರ್ಮಗಳನ್ನೆಲ್ಲ ಮುಗಿಸಿ ಅಣ್ಣ ಊರಿಗೆ ಬಂದರು. ಮನೆಗೂ ಹೋಗದೆ ಬಸ್ಸಿಳಿದು ನೇರವಾಗಿ ನಮ್ಮ ಕೊಟ್ಟಿಗೆಗೆ ಬಂದರು. ಬೂದ ಅವರನ್ನು ಕಂಡು ಹೆಜ್ಜೆ ಮುಂದಿಟ್ಟು ಮುಗ್ಗರಿಸಿತು. ಅವರು ಕೂತು ಕಾಲನ್ನು ಮೇಲಿಂದ ಕೆಳಗೆ ಸವರಿದರು.

"ನಡೆಸಿದ್ಯಲ್ವೇನೋ?"

"ದಿನಾ ನಡೆಸ್ದೆ ಅಣ್ಣ. ಯಾಕೋ ಕೂಡಿ ಬರ್ಲಿಲ್ಲ."

ಡಾಕ್ಟರಮ್ಮನನ್ನು ಮತ್ತೆ ಕರೆಸಿದರು. ಆಕೆ ಕಾಲನ್ನು ನೋಡಿದರು, ಆಮೇಲೆ ಗೊರಸನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ನಡೆಸಿದ್ದೀರ ಅಂತೀರ. ಗೊರಸು ಸವೆದೇ ಇಲ್ವಲ್ಲ, ಮುಂದಕ್ಕೆ ಬೆಳೆದುಬಿಟ್ಟಿದೆ?"

"ಮೆತ್ತಗಿರೋ ಮಣ್ಣಲ್ಲಿ ನಡೆಸಿ ಅಂತ ನೀವೇ ಹೇಳಿದ್ರಲ್ಲ ಮೇಡಂ" ಎಂದೆ. ಉತ್ತರ ಎಷ್ಟು ಬೇಗ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಆಕೆ ನನ್ನನ್ನೇ ನೋಡುತ್ತಿದ್ದರು. ಅಣ್ಣನಿಗೆ ಸಿಟ್ಟು ಬಂತು. "ನಮ್ಮುಡ್ಗ ಸುಳ್ ಹೇಳಲ್ಲಮ್ಮ. ಓದಿರೋನು. ನೀವ್ ಹೇಳಿದ್ದು ನಮ್ಮೆತ್ತಿಗೆ ಹಿಡೀಲಿಲ್ಲ ಅನ್ನಿ, ಅಷ್ಟೇ."

ಈಗಲಾದರೂ ದಿನಾ ಸ್ವಲ್ಪ ಸ್ವಲ್ಪ ನಡೆಸಿ, ಪೂರ್ತಿ ಅಲ್ಲದಿದ್ದರೂ ಒಂದಷ್ಟು ಸಡಿಲವಾಗುತ್ತದೆ ಎಂದು ಹೇಳಿ ಆಕೆ ಹೋದರು. ಅಣ್ಣ ನಡೆಸಲಿಲ್ಲ. ನಡೆಸಿ ಆಯಿತಲ್ಲ, ಇನ್ನು ಯಾಕೆ ನೋಯಿಸುವುದು ಎಂದರು. ಜೊತೆ ಎತ್ತನ್ನು ಕೊಟ್ಟುಬಿಟ್ಟರು. ಗಾಡಿ ಮೂಲೆಗೆ ಸೇರಿತು. ಕುಂಟ ಬೂದನನ್ನು ಕಸಾಯಿಯವರು ಕೇಳಿಕೊಂಡು ಬಂದಾಗ ಅಣ್ಣ ಅವರನ್ನೇ ಅಟ್ಟಿಸಿಕೊಂಡು ಹೋದರು. ಅದು ಸಾಯುವವರೆಗೂ ಅವರ ಮನೆಯ ಮುಂದೆಯೇ ಇತ್ತು. ದಿನವೂ ಅದನ್ನು ದಾಟಿಕೊಂಡೇ ನಾನು ತೋಟಕ್ಕೆ ಹೋಗಬೇಕಿತ್ತು.

ಇಷ್ಟೇ ಆಗಿದ್ದರೆ ಒಂದು ಎತ್ತಿನ ವಿಷಯ ಎಂದು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ. ಕೆಲವು ವರ್ಷಗಳ ನಂತರ ಅಣ್ಣ ತಮ್ಮ ಹುಳುಮನೆಯಲ್ಲಿ ಚಂದ್ರಿಕೆ ಇಳಿಸುವಾಗ ಏಣಿಯಿಂದ ಬಿದ್ದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಪಾದದ ಕೀಲಿನ ಹತ್ತಿರ ಮೂಳೆ ಮುರಿಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹಿಟ್ಟಿನ ಕಟ್ಟು ಹಾಕಿದರು. ಮೂಳೆ ಕೂಡಿತು, ಕಟ್ಟು ಬಿಚ್ಚಿದರು. ಇನ್ನು ಕಾಲು ಊರಿ ದಿನಾ ನಡೆಯಬೇಕು, ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಇಲ್ಲದಿದ್ದರೆ ಹಿಡಿದುಕೊಳ್ಳುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದರು.

ಅಣ್ಣ ಊರಲಿಲ್ಲ. ಊರಿದರೆ ಪ್ರಾಣ ಹೋಗುವಷ್ಟು ನೋವು ಎನ್ನುವರು. ಅತ್ತಿಗೆ ಬೇಡಿಕೊಂಡರು, ಮಗಳು ಅತ್ತಳು. ಕೊನೆಗೆ ಅತ್ತಿಗೆ ನಮ್ಮ ಮನೆಗೆ ಬಂದರು. "ನಿನ್ ಮಾತು ಒಂದೇ ಅವ್ರು ಕೇಳೋದು. ನೀನ್ ಬಂದು ಹೇಳಪ್ಪ" ಎಂದು ಕರೆದುಕೊಂಡು ಹೋದರು.

ಅಣ್ಣ ಜಗಲಿಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತು, "ನೋವಾದ್ರೂ ನಡೀಬೇಕಣ್ಣ, ಡಾಕ್ಟರು ಹೇಳಿದ್ ಮೇಲೆ" ಎಂದೆ.

ಅವರು ಸಿಟ್ಟಾಗಲಿಲ್ಲ. ನಕ್ಕರು. "ನೀನೇ ಹಿಂಗಂದ್ರೆ ಹೆಂಗೆ ತಮ್ಮಾ? ಬೂದನ್ನ ದಿನಾ ನಡೆಸ್ದೋನು ನೀನಲ್ವಾ? ಬಿಸ್ಲು, ಕೆಲ್ಸ ಅನ್ನದೆ ನಡೆಸ್ದೆ. ಏನಾಯ್ತು? ಕಾಲ್ ಬಂತಾ? ನೀನೇ ಹೇಳು, ಬಂತಾ?"

ಅತ್ತಿಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗಳು ಒಳಗಿನಿಂದ ನೋಡುತ್ತಿದ್ದಳು. ಆ ಪ್ರಶ್ನೆಗೆ ಒಂದೇ ಒಂದು ಉತ್ತರವಿತ್ತು. ಅದು ನನ್ನ ಒಬ್ಬನ ಬಳಿ ಇತ್ತು. ಹೇಳಿದ್ದರೆ ಅವರು ಬೈಯುತ್ತಿದ್ದರು. ಎತ್ತುಗಳಿಗೆ ಬೈದಂತಲ್ಲ, ಬೇರೆ ರೀತಿ. ಆಮೇಲೆ, ನನಗೆ ಗೊತ್ತು, ಎದ್ದು ನಿಲ್ಲುತ್ತಿದ್ದರು. ನನ್ನ ಮೇಲಿನ ಸಿಟ್ಟಿಗಾದರೂ ನಡೆಯುತ್ತಿದ್ದರು.

ನಾನು ಕಾಫಿ ಕುಡಿದೆ. "ಮನುಷ್ಯರದ್ದು ಬೇರೆ ಇರುತ್ತಣ್ಣ" ಎಂದೆ. "ಚರ್ಮ, ನರ ಎಲ್ಲಾ ಒಂದೇ ಕಣೋ" ಎಂದರು ಅವರು. ಅದು ನಿಜವೇ ಆಗಿತ್ತು. ಎದ್ದು ಬಂದೆ.

ಅವರ ಪಾದ ಬಾಗಿದಂತೆಯೇ ಗಟ್ಟಿಯಾಯಿತು. ಕೋಲು ಹಿಡಿದು ಹಿತ್ತಲವರೆಗೆ ಹೋಗಿ ಬರುತ್ತಿದ್ದರು, ತೋಟಕ್ಕೆ ಮತ್ತೆ ಬರಲಿಲ್ಲ. ಬದುವಿನ ಆಚೆ ಆ ಗಂಟಲು ಕೇಳಿಸುವುದು ನಿಂತಿತು. ತೋಟವನ್ನು ಗುತ್ತಿಗೆಗೆ ಕೊಟ್ಟರು. ಸಂಜೆ ಹೋಗಿ ಪೇಪರ್ ಓದಿ ಹೇಳುತ್ತಿದ್ದೆ. ಪ್ರತಿ ಸಂಜೆ, ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಪೇಪರ್ ಮುಗಿಯುತ್ತಿತ್ತು... ಮೊದಲು ಅತ್ತಿಗೆ ಹೋದರು. ಮರುವರ್ಷ ಜ್ವರ ಬಂದು ಅಣ್ಣನೂ ಹೋದರು. ಮಣ್ಣು ಮಾಡುವಾಗ ಮಗಳು ನನ್ನ ತೋಳಿಗೆ ಒರಗಿಕೊಂಡು ಅತ್ತಳು. ಆಗಲೂ ಹೇಳಲಿಲ್ಲ.

ಆ ಮಗಳು ಈಗ ಚಿಂತಾಮಣಿಯಲ್ಲಿ ಟೀಚರ್. ಗಂಡನ ಜೊತೆ ಅಪ್ಪನ ಮನೆಯಲ್ಲೇ ಇದ್ದಾಳೆ, ಹಸುಗಳನ್ನೂ ಸಾಕಿದ್ದಾಳೆ. ನಮ್ಮ ಮನೆಯ ಬಣ್ಣದ ಕೆಲಸ ಮುಗಿದ ವಾರವೇ ಅವಳ ಕಡಸು ಬೇಲಿಯ ತಂತಿಗೆ ಸಿಕ್ಕಿ ಹಿಂಗಾಲು ಸೀಳಿಕೊಂಡಿತ್ತು. ಹೊಲಿಗೆ ಬಿಚ್ಚಿದ ಮೇಲೆ ನೋಡಲು ಹೋದೆ. ಕಡಸನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿದ್ದಳು, ಕಾಲಿನ ಕೆಳಗೆ ರಬ್ಬರ್ ಮ್ಯಾಟ್ ಹಾಸಿದ್ದಳು.

"ಡಾಕ್ಟರ್ ದಿನಾ ನಡೆಸಿ ಅಂದ್ರು ಚಿಕ್ಕಪ್ಪ. ನಾನೇ ಬೇಡ ಅಂತ ಬಿಟ್ಟಿದೀನಿ. ನಿಮಗ್ ಗೊತ್ತಲ್ಲ, ನಡೆಸಿ ನಡೆಸಿಯೇ ಬೂದನ ಕಾಲು ಹೋಗಿದ್ದು. ಅಪ್ಪ ಸಾಯೋವರ್ಗೂ ಹೇಳ್ತಿದ್ರು."

ಅವಳ ದನಿಯಲ್ಲಿ ಸಂಶಯವೇ ಇರಲಿಲ್ಲ. ನಾನು ಹೇಳಿದ ಸುಳ್ಳು ಆ ಮನೆಯಲ್ಲಿ ಇಷ್ಟು ವರ್ಷ ಇದ್ದು, ತಂದೆ ಮಗಳಿಗೆ ಬಿಟ್ಟುಹೋದ ತಿಳುವಳಿಕೆಯಾಗಿತ್ತು.

ನಿಂತೇ ಹೇಳಿದೆ. ಕೂತರೆ ಮತ್ತೆ ಕಾಫಿ ಬರುತ್ತಿತ್ತು. "ನಾನು ಬೂದನ್ನ ನಡೆಸ್ಲಿಲ್ಲಮ್ಮ. ಕಟ್ಟಿ ಹಾಕಿದ್ದೆ. ನಿಮ್ಮಪ್ಪಂಗೆ ಸುಳ್ಳು ಹೇಳ್ದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹುಳುಮನೆ, ಎಣ್ಣೆಯ ವಾಸನೆ, ಗೊರಸು, ಎಲ್ಲ ಹೇಳಿದೆ. ಅವಳು ಕಡಸಿನ ಬೆನ್ನ ಮೇಲೆ ಕೈಯಿಟ್ಟು ಕೇಳುತ್ತಿದ್ದಳು.

"ಅಪ್ಪಂಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲ."

"ಅವತ್ತು ಅಮ್ಮ ನಿಮ್ಮನ್ನ ಕರ್ಕೊಂಡ್ ಬಂದಿದ್ರಲ್ಲ. ಅಪ್ಪ ಬೂದನ್ ಮಾತು ಎತ್ತಿದ್ರು. ನಾನು ಒಳಗಿದ್ದೆ. ಅವಾಗ್ಲೂ ಹೇಳ್ಲಿಲ್ಲ ನೀವು."

"ಹೇಳ್ಲಿಲ್ಲಮ್ಮ."

ಬೈಯುತ್ತಾಳೆಂದು ಕಾದೆ. ಅಪ್ಪನ ಗಂಟಲು ಅವಳಿಗೂ ಇದೆ. ಆದರೆ ಅವಳು ಗೂಟದ ಬಳಿ ಬಗ್ಗಿ ಹಗ್ಗ ಬಿಚ್ಚಿದಳು. ಕಡಸು ಹೆದರಿ ಹಿಂದೆ ಸರಿಯಿತು. ಅದರ ಕೊರಳು ತಟ್ಟಿ, ಅಂಗಳಕ್ಕೆ ಇಳಿಸಿ, ನಾಲ್ಕು ಹೆಜ್ಜೆ ನಡೆಸಿ ನಿಲ್ಲಿಸಿದಳು. ಮತ್ತೆ ನಾಲ್ಕು ಹೆಜ್ಜೆ. ನಾನು ಗೇಟು ಹಾಕಿಕೊಂಡು ಮನೆಗೆ ಬಂದೆ.

ಈಗ ಅವಳು ಸ್ಕೂಲಿನಿಂದ ಬಂದ ಮೇಲೆ ಸಂಜೆ ಹೊತ್ತು ಕಡಸನ್ನು ಹಿಡಿದುಕೊಂಡು ನಮ್ಮ ಮನೆಯ ಮುಂದೆಯೇ ಹೋಗುತ್ತಾಳೆ. ಬೇರೆ ದಾರಿ ಇಲ್ಲ. ಮೊದಲಾಗಿದ್ದರೆ ಕೂಗಿ ಮಾತಾಡಿಸುತ್ತಿದ್ದಳು. ಈಗ ಹಗ್ಗವನ್ನು ನೋಡಿಕೊಂಡು ಹೋಗುತ್ತಾಳೆ. ನಾನೂ ಕರೆಯುವುದಿಲ್ಲ. ಕಡಸಿನ ಹಿಂಗಾಲನ್ನಷ್ಟೇ ನೋಡುತ್ತೇನೆ. ಮೊದಲು ಗೊರಸಿನ ತುದಿಯಷ್ಟೇ ತಾಗುತ್ತಿತ್ತು. ನಿನ್ನೆ ಗೊರಸು ಪೂರ್ತಿ ಊರಿತು, ಕೀಲು ನೆಟ್ಟಗೆ ನಿಂತಿತು. ಅವತ್ತು ನಾನು ಹೇಳಿದ್ದರೆ ಅಣ್ಣನ ಕಾಲೂ ಹೀಗೇ ಊರುತ್ತಿತ್ತು.